ಹಸಿರು ಬಳೆ ಯಾರ ಕೈಗೆ?



ಬಣ್ಣಗಳ ಬಗ್ಗೆ ಮಾತಾಡುವ ನಮ್ಮ ಈ ಮಾಲಿಕೆಯಲ್ಲಿ ನನ್ನ ಪಾಲಿಗೆ ಹಸಿರು ಬಂದಿದೆ. ನಾನು ಸಾಫ್ಟ್‌ವೇರ್ ಕೆಲಸದವಳು. ನಮಗೆ ಹಸಿರು ಅಂದರೆ ಟೆಸ್ಟ್ ಪಾಸಾದಾಗ ಪರದೆಯ ಮೇಲೆ ಮೂಡುವ ಗುರುತು, ಅಷ್ಟೇ. ಆದರೆ ಪ್ರತಿವರ್ಷ ಮಾರ್ಚ್ 17ರಂದು ನಮ್ಮ ಟೀಮಿನ ಐರ್ಲೆಂಡಿನ ಸಹೋದ್ಯೋಗಿಗಳು ಹಸಿರು ಟೋಪಿ, ಹಸಿರು ಸ್ವೆಟರ್ ತೊಟ್ಟು ವಿಡಿಯೋ ಕಾಲ್‌ಗೆ ಬರುತ್ತಾರೆ. ಅಂದು ಅವರ ಸಂತ ಪ್ಯಾಟ್ರಿಕ್‌ನ ಹಬ್ಬ. ನವರಾತ್ರಿಯಲ್ಲಿ ಪತ್ರಿಕೆಯ ಪಟ್ಟಿ ನೋಡಿ ದಿನಕ್ಕೊಂದು ಬಣ್ಣ ಉಡುವ ಪುಣೆಯ ನಮಗೆ ಇದೇನೂ ಹೊಸದಲ್ಲ. ಆದರೂ ಅವರಿಗೆ ಹಸಿರೇ ಏಕೆ ಎಂದು ಹುಡುಕಿದಾಗ ಸಿಕ್ಕ ಕಥೆ ನಮ್ಮ ಬಳೆಯವರೆಗೂ ಬಂತು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಐರ್ಲೆಂಡಿಗೆ ‘ಪಚ್ಚೆಯ ದ್ವೀಪ’ ಎಂಬ ಹೆಸರಿದೆ. ಮಳೆಯ ನಾಡು, ವರ್ಷವಿಡೀ ಹುಲ್ಲು. ನಮ್ಮ ಮಲೆನಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿಯೂ ಹಸಿರು ಮೊದಲಿನಿಂದ ಶುಭದ ಬಣ್ಣವಾಗಿರಲಿಲ್ಲ. ಅದು ಯಕ್ಷಿಣಿಯರ ಬಣ್ಣ, ತೊಟ್ಟರೆ ಅವರ ಕಣ್ಣು ಬೀಳುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿತ್ತು. 1783ರಲ್ಲಿ ಪ್ಯಾಟ್ರಿಕ್‌ನ ಹೆಸರಿನಲ್ಲಿ ಬ್ರಿಟಿಷ್ ದೊರೆ ಒಂದು ಗೌರವ ಪದವಿ ಸ್ಥಾಪಿಸಿದಾಗ ಅದಕ್ಕೆ ಆರಿಸಿದ ಬಣ್ಣ ತಿಳಿನೀಲಿ. 1791ರಲ್ಲಿ ಹುಟ್ಟಿದ ‘ಯುನೈಟೆಡ್ ಐರಿಶ್‌ಮೆನ್’ ಸಂಘಟನೆ ಹಸಿರನ್ನು ತನ್ನದಾಗಿಸಿಕೊಂಡಿತು. 1798ರ ದಂಗೆಯ ಹೊತ್ತಿಗೆ ಹಸಿರು ರಿಬ್ಬನ್ ತೊಡುವುದೆಂದರೆ ನಾನು ಬ್ರಿಟಿಷ್ ಆಳ್ವಿಕೆಯ ವಿರೋಧಿ ಎಂದು ಸಾರಿದಂತೆಯೇ ಆಗಿತ್ತು.

ನಮ್ಮಲ್ಲೂ ಇಂಥದ್ದಿದೆಯಲ್ಲವೇ? 1980ರಲ್ಲಿ ನರಗುಂದ-ನವಲಗುಂದದ ರೈತರು ಬೀದಿಗಿಳಿದರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ ಹೆಗಲ ಮೇಲಿನ ಹಸಿರು ಶಾಲು ರೈತನ ಗುರುತಾಯಿತು. ಇವತ್ತಿಗೂ ಕರ್ನಾಟಕದಲ್ಲಿ ಹಸಿರು ಶಾಲು ಹೊದ್ದವರು ಕಚೇರಿಗೆ ಬಂದರೆ ಅಧಿಕಾರಿಗಳು ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ಐರ್ಲೆಂಡಿನ ಧ್ವಜವೂ ನಮ್ಮದರಂತೆ ತ್ರಿವರ್ಣ. 1848ರಲ್ಲಿ ಥಾಮಸ್ ಫ್ರಾನ್ಸಿಸ್ ಮೆಹರ್ ಅದನ್ನು ಜನರ ಮುಂದಿಟ್ಟ. ಹಸಿರು ಒಂದು ಪರಂಪರೆಯವರದು, ಕಿತ್ತಳೆ ಇನ್ನೊಂದು ಪಂಗಡದವರದು, ನಡುವಿನ ಬಿಳಿ ಇಬ್ಬರ ನಡುವಿನ ಶಾಂತಿ. ನಮ್ಮ ಧ್ವಜವನ್ನು 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದಾಗ ಡಾ. ರಾಧಾಕೃಷ್ಣನ್ ಅವರು ಹಸಿರಿಗೆ ಬೇರೆಯೇ ಅರ್ಥ ಕೊಟ್ಟರು: ಅದು ಮಣ್ಣಿನೊಂದಿಗಿನ ನಮ್ಮ ನಂಟು, ಎಲ್ಲ ಜೀವಕ್ಕೂ ಆಧಾರವಾದ ಸಸ್ಯಸಂಕುಲದ ಬಣ್ಣ.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಬ್ರಿಟಿಷರ ಕಾಲದಲ್ಲಿ ಐರ್ಲೆಂಡಿನ ಅಂಚೆಪೆಟ್ಟಿಗೆಗಳು ಕೆಂಪಾಗಿದ್ದವು. 1922ರಲ್ಲಿ ಸ್ವಂತ ಸರ್ಕಾರ ಬಂದಾಗ ಅವುಗಳನ್ನು ಕಿತ್ತೆಸೆಯಲಿಲ್ಲ. ಮೇಲೆ ಹಸಿರು ಬಣ್ಣ ಬಳಿದರು. ವಿಕ್ಟೋರಿಯಾ ರಾಣಿಯ, ಎಡ್ವರ್ಡ್ ದೊರೆಯ ಅಕ್ಷರಮುದ್ರೆ ಇರುವ ಪೆಟ್ಟಿಗೆಗಳು ಹಸಿರು ಬಣ್ಣದಲ್ಲಿ ಇಂದಿಗೂ ಕಾಗದ ಹೊತ್ತು ನಿಂತಿವೆ. ಪೆಟ್ಟಿಗೆ ಹಳೆಯದೇ, ಅದರ ಅರ್ಥ ಮಾತ್ರ ಹೊಸದು.

ಈಗ ನಮ್ಮ ಹಸಿರಿಗೆ ಬರೋಣ. ಹಳಗನ್ನಡದ ‘ಪಸಿರ್’ ನಮ್ಮ ಬಾಯಲ್ಲಿ ‘ಹಸಿರು’ ಆಯಿತು. ಹಸಿ, ಹಸುಳೆ, ಹಸುಗೂಸು ಎಲ್ಲವೂ ಇದರ ನೆಂಟರೇ. ಆಗಷ್ಟೇ ಹೆತ್ತವಳನ್ನು ‘ಹಸಿ ಬಾಣಂತಿ’ ಅನ್ನುತ್ತೇವೆ. ಅಂದರೆ ನಮ್ಮ ಭಾಷೆಯಲ್ಲಿ ಹಸಿರು ಬರೀ ಬಣ್ಣವಲ್ಲ. ಇನ್ನೂ ಒಣಗದ, ಈಗಷ್ಟೇ ಚಿಗುರಿದ ಜೀವ.

ಹಬ್ಬಗಳಲ್ಲೂ ಇದನ್ನೇ ಕಾಣುತ್ತೇವೆ. ಆಶ್ವೀಜದ ಹುಣ್ಣಿಮೆಯಂದು ನಮ್ಮ ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ. ಪೈರು ತುಂಬಿ ನಿಂತ ಭೂಮಿ ಬಸುರಿ ಎಂದು ಭಾವಿಸಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತೇವೆ. ಅದೇ ದಿನ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಅಲ್ಲಿ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಹಲವು ಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆ ಬೀರುತ್ತಾರೆ. ಭೂಮಿತಾಯಿಗೆ ಮಾಡುವುದನ್ನೇ ಮನೆಯ ಮಗಳಿಗೂ ಮಾಡುತ್ತೇವೆ. ನಮ್ಮ ಕಡೆಯ ಕುಬಸ, ಮೈಸೂರು ಕಡೆಯ ಸೀಮಂತ, ಇಲ್ಲಿನ ಮರಾಠಿಗರ ಡೋಹಾಳೆ ಜೇವಣ, ಎಲ್ಲದರಲ್ಲೂ ಹಸಿರು ಸೀರೆ, ಹಸಿರು ಬಳೆ. ಇಳಕಲ್ಲಿನ ಮಗ್ಗದಲ್ಲಿ ಗಿಳಿಹಸಿರು, ನವಿಲುಹಸಿರು ಎಂದು ಬೇರೆ ಬೇರೆ ಹಸಿರುಗಳೇ ಇವೆ. ಗುಳೇದಗುಡ್ಡದ ಖಣ ಪುಣೆಯ ಅಂಗಡಿಗಳಲ್ಲೂ ಸಿಗುತ್ತದೆ.

ರಾಸಾಯನಿಕ ಬಣ್ಣ ಬರುವ ಮೊದಲು ನೂಲಿಗೆ ಹಸಿರು ಹಾಕುವುದು ಸುಲಭವಿರಲಿಲ್ಲ. ನೀಲಿಯಲ್ಲಿ ಅದ್ದಿ, ಅದರ ಮೇಲೆ ಹಳದಿ ಹತ್ತಿಸಬೇಕಿತ್ತು. ಎರಡು ಸಲದ ದುಡಿಮೆ. ಬಹುಶಃ ಅದಕ್ಕೇ ವಿಶೇಷ ದಿನದ ಸೀರೆಗೆ ಆ ಬಣ್ಣ ಒಪ್ಪಿತೇನೋ.

ನಮ್ಮ ಕೊಂಢವಾದಲ್ಲಿ ಹಸಿರಿಗೆ ಇನ್ನೊಂದು ಮನೆಯೂ ಇದೆ. ಇಲ್ಲಿ ನೆರೆಹೊರೆಯಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ದರ್ಗಾಗೆ ಹೊದಿಸುವ ಚಾದರವೂ ಹಸಿರೇ. ನಮ್ಮ ಮದುವೆ, ಕುಬಸಗಳಿಗೆ ಕೈತುಂಬ ಬಳೆ ಇಡುವವರಲ್ಲೂ ಎಷ್ಟೋ ಜನ ಮುಸ್ಲಿಂ ಬಳೆಗಾರರು. ಬಳೆ ಇಡುವಾಗ ಅವರು ಜಾತಿ ಕೇಳುವುದಿಲ್ಲ. ಕೈ ಅಳತೆ ಮಾತ್ರ ನೋಡುತ್ತಾರೆ.

ಆದರೆ ಅವರು ಕೇಳದ ಒಂದು ಪ್ರಶ್ನೆಯನ್ನು ನಾವೇ ಕೇಳುತ್ತೇವೆ. ಗಂಡ ಇದ್ದಾನೋ ಇಲ್ಲವೋ?

ಅಪ್ಪ ತೀರಿಕೊಂಡ ಕೆಲವು ತಿಂಗಳಿಗೆ ಅಮ್ಮ ತನ್ನ ಹಸಿರು ಸೀರೆಗಳನ್ನೆಲ್ಲ ಮಡಚಿ ನನಗೆ ಕಳಿಸಿದಳು. ಫೋನು ಮಾಡಿದೆ. “ಇನ್ನ ನನಗ್ಯಾಕವ್ವಾ ಅವು, ನೀ ಉಡು” ಅಂದಳು. ಮುಂದೆ ನಮ್ಮ ಬಂಧುಗಳ ಮನೆಯ ಕುಬಸದಲ್ಲಿ ಬಳೆಯ ತಟ್ಟೆ ಸಾಲಾಗಿ ಬಂತು. ಅಮ್ಮನ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಅಮ್ಮ ಅದಾಗಲೇ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಮೂರು ಹೆತ್ತವಳು, ಊರಿನ ಎಷ್ಟೋ ಬಾಣಂತನಗಳಿಗೆ ಕೈಯಾದವಳು. ತಾಯ್ತನದ ಹಬ್ಬದಲ್ಲಿ ತಾಯ್ತನ ಬಲ್ಲವಳಿಗೇ ಬಳೆಯಿಲ್ಲ.

ಮರಾಠಿಯಲ್ಲಿ ಬಳೆ ಒಡೆದರೆ ‘ವಾಢವಲೀ’ ಅನ್ನುತ್ತಾರೆ, ಅಂದರೆ ‘ಹೆಚ್ಚಿತು’. ಒಡೆಯಿತು ಎನ್ನಲು ನಮ್ಮ ಕಡೆಯೂ ನಾಲಿಗೆ ಹಿಂಜರಿಯುತ್ತದೆ. ಮಾತಿನಲ್ಲಿ ಇಷ್ಟು ಮೃದುವಾಗಿರುವ ನಾವು ಗಂಡ ಸತ್ತ ದಿನ ಅವಳ ಕೈ ಹಿಡಿದು ಬಳೆ ಒಡೆಯುತ್ತೇವೆ.

ಇದು ಬದಲಾಗುವುದಿಲ್ಲ ಎನ್ನುವವರಿಗೆ ಪುಣೆಯೇ ಉತ್ತರ. ಧೋಂಡೋ ಕೇಶವ ಕರ್ವೆ 1893ರಲ್ಲಿ ವಿಧವೆಯನ್ನು ಮದುವೆಯಾದರು, 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. ಜನವರಿ 1927ರಲ್ಲಿ ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಬಾರಿಗೆ ಸೇರಿತು. ಅದಕ್ಕಾಗಿ ಓಡಾಡಿದ ಮಾರ್ಗರೆಟ್ ಕಸಿನ್ಸ್ ಯಾವ ನಾಡಿನವರು ಬಲ್ಲಿರಾ? ಐರ್ಲೆಂಡಿನವರು! ಅಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ 1915ರಲ್ಲಿ ಭಾರತಕ್ಕೆ ಬಂದವರು. ಅವರ ಜೊತೆ ದುಡಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಕಮಲಾದೇವಿ ಬಾಲವಿಧವೆ. ಓದಿದರು, ಮರುಮದುವೆಯಾದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. ಆಮೇಲೆ ದೇಶದ ಕೈಮಗ್ಗ, ಕರಕುಶಲಗಳಿಗೆ ಹೊಸ ಜೀವ ಕೊಟ್ಟರು. ಬಣ್ಣ ನಿನಗಲ್ಲ ಎಂದು ಸಮಾಜ ಹೇಳಿದ್ದ ಹುಡುಗಿ ಇಡೀ ದೇಶಕ್ಕೆ ಬಣ್ಣ ಉಡಿಸಿದಳು.

ಇನ್ನೂ ಹತ್ತಿರದ ಮಾತು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ, ನಮ್ಮ ಗಡಿಗೆ ಅಂಟಿದ ಭಾಗದ ಹಳ್ಳಿ. ಶಾಹು ಮಹಾರಾಜರು ತೀರಿ ನೂರು ವರ್ಷವಾದ ಮೇ 2022ರಲ್ಲಿ ಅಲ್ಲಿನ ಗ್ರಾಮ ಪಂಚಾಯ್ತಿ ಠರಾವು ಮಾಡಿತು: ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ನಮ್ಮೂರಲ್ಲಿ ಇನ್ನು ಬೇಡ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯ್ತಿಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿಗೆ ಆಗಿದ್ದು ಎಂಜಿನಿಯರು, ಡಾಕ್ಟರು, ಶಿಕ್ಷಕಿಯರಿರುವ ನಮ್ಮ ಸಂಘಕ್ಕೆ ಆಗದೇ?

ಕೊನೆಯದಾಗಿ ನನ್ನ ಎರಡು ಸಣ್ಣ ಸೂಚನೆಗಳು. ಒಂದು, ಶ್ರಾವಣದ ಅರಿಸಿನ-ಕುಂಕುಮದ ಆಹ್ವಾನದಲ್ಲಿ ‘ಮುತ್ತೈದೆಯರು’ ಎನ್ನುವ ಬದಲು ‘ಎಲ್ಲ ಅಕ್ಕ-ತಂಗಿಯರು, ಅಮ್ಮಂದಿರು’ ಎಂದು ಬರೆಯೋಣ. ಎರಡು, ನಮ್ಮ ವೇದಿಕೆಯಲ್ಲಿ ಯಾರದೇ ಸೀಮಂತವಾದರೂ ಹಸಿರು ಬಳೆಯ ತಟ್ಟೆ ಪ್ರತಿಯೊಬ್ಬರ ಮುಂದೆಯೂ ನಿಲ್ಲಲಿ. ಗಂಡನನ್ನು ಕಳೆದುಕೊಂಡವರು, ಬಿಟ್ಟುಬಂದವರು, ಮದುವೆಯಾಗದವರು, ಮಕ್ಕಳಿಲ್ಲದವರು ಯಾರೇ ಇರಲಿ. ಯಾರಿಗೂ ಒತ್ತಾಯ ಬೇಡ. ತೊಡುವುದೂ ಬಿಡುವುದೂ ಅವರವರ ಇಷ್ಟ. ಆದರೆ ಬೇಡ ಎನ್ನುವ ಹಕ್ಕು ಅವರದಾಗಿರಲಿ, ತಟ್ಟೆ ಹಿಡಿದವರದಲ್ಲ.

ಐರ್ಲೆಂಡಿನವರು ಅಂಚೆಪೆಟ್ಟಿಗೆಯನ್ನು ಉಳಿಸಿಕೊಂಡೇ ಅದರ ಅರ್ಥ ಬದಲಿಸಿದರು. ನಾವೂ ಬಳೆ ಬಿಡಬೇಕಿಲ್ಲ, ಕುಬಸ ಬಿಡಬೇಕಿಲ್ಲ. ಹಸಿರಿಗೆ ನಮ್ಮ ಕನ್ನಡ ಮೊದಲೇ ಕೊಟ್ಟಿರುವ ಅರ್ಥಕ್ಕೆ ಮರಳಿದರೆ ಸಾಕು. ಜೀವ ಇರುವ ಕಡೆಯೆಲ್ಲ ಹಸಿರು.

 ಸೂಚನೆಗಳ ಬಗ್ಗೆ ನಿಮ್ಮ ಅಭಿಪ್ರಾಯವನ್ನು ದಯವಿಟ್ಟು ಮುಂದಿನ ಸಭೆಯೊಳಗೆ ತಿಳಿಸಿ.