ನಮಗಾಗಿ ಅರ್ಧ ತಾಸು



ನೀರಿಗೆ ನಡೀತೀವಿ, ಹೊಲಕ್ಕೆ ನಡೀತೀವಿ. ಮತ್ತ್ಯಾಕ ನಡೀಬೇಕು ಅಂತೀರಾ? ಅದು ಹೊರೆ ಹೊತ್ತ ನಡಿಗೆ. ಇದು ಕೈಬೀಸಿ ನಡೆಯುವ ನಡಿಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಿಡಿತದಲ್ಲಿರಲು ಇದು ನೆರವಾಗುತ್ತದೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ನಡೆಯಿರಿ.

ಒಲೆ ಯಾರು ನೋಡಬೇಕು? ಅರ್ಧ ತಾಸು ಮನೆಯವರು ನೋಡಲಿ. ಜನ ಏನಂದಾರು? ನಾಲ್ಕು ಮಂದಿ ಕೂಡಿ ಹೋಗಿರಿ.

ಹೊಸಬರಿಗೆ ಸಪಾಟು ದಾರಿ ಒಳ್ಳೆಯದು. ಗದಗ-ಬೆಟಗೇರಿಯವರಿಗೆ ಭೀಷ್ಮ ಕೆರೆಯ ದಂಡೆ ಇದೆ. ಲಕ್ಷ್ಮೇಶ್ವರದವರು ಸೋಮೇಶ್ವರ ಗುಡಿಯ ಕಡೆ ನಡೆಯಿರಿ.

ರೂಢಿಯಾದವರಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಕಡೆಯ ದಾರಿ. ನೂರು ಹೆಜ್ಜೆ ಓಡಿರಿ, ನೂರು ಹೆಜ್ಜೆ ನಡೆಯಿರಿ. ಚಳಿಗಾಲಕ್ಕೆ ಅಲ್ಲಿ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ. ದೂರದಿಂದ ನೋಡಿರಿ, ಗದ್ದಲ ಬೇಡ.

ಗಟ್ಟಿ ಕಾಲಿನವರಿಗೆ ಕಪ್ಪತಗುಡ್ಡದ ಏರು ಇದೆ. ಮುಂಡರಗಿ ತಾಲ್ಲೂಕಿನ ಡೋಣಿಯವರಿಗೆ ಅದು ಹತ್ತಿರ. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿರಿ. ಒಬ್ಬರೇ ಹೋಗಬೇಡಿರಿ.

ನಡೆಯುವಾಗ ಮಾತಾಡಲು ಆಗಬೇಕು. ಮಾತು ನಿಂತರೆ ನಿಧಾನ ಮಾಡಿರಿ. ಎದೆ ನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿರಿ. ತಡ ಮಾಡದೆ ವೈದ್ಯರಿಗೆ ತೋರಿಸಿರಿ.

ದಾರಿಯ ಬದಿಗೆ ಕಿಲೋಮೀಟರ್ ಕಲ್ಲು ಇರುತ್ತದೆ. ಓದು ಬಾರದಾಗ ಅದು ಬರೀ ಕಲ್ಲು. ಈಗ ಅದರ ಮೇಲೆ ಊರಿನ ಹೆಸರಿದೆ, ಅಂಕಿ ಇದೆ. ಎಷ್ಟು ದೂರ ಬಂದೆ ಅಂತ ಇನ್ನು ಯಾರನ್ನೂ ಕೇಳಬೇಕಿಲ್ಲ. ನೀವೇ ಓದಿರಿ. ಮುಂದಿನ ಕಲ್ಲಿನ ತನಕ ನಡೆಯಿರಿ.