ವರದಿ ಬಂದಿದೆ, ತೀರ್ಪು ಇನ್ನೂ ಬಂದಿಲ್ಲ

ಗಂಡ ಹೆಂಡತಿ ಬೇರೆಯಾಗುವಾಗ ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಎದ್ದರೆ, ಕೌಟುಂಬಿಕ ನ್ಯಾಯಾಲಯ ಮಗುವನ್ನು ಆಪ್ತಸಮಾಲೋಚಕರ ಬಳಿ ಕಳುಹಿಸುವುದುಂಟು. ಅವರು ಮಗುವಿನೊಡನೆ ಮಾತಾಡಿ, ಅಪ್ಪ ಅಮ್ಮನನ್ನು ವಿಚಾರಿಸಿ ವರದಿ ಕೊಡುತ್ತಾರೆ. ಅದು ತಮಗೆ ವಿರುದ್ಧವಾಗಿದ್ದರೆ ಎಷ್ಟೋ ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ಆ ಅವಸರ ಬೇಡ. ವರದಿ ಕೊಡುವವರು ಸಮಾಲೋಚಕರು, ತೀರ್ಮಾನ ಮಾಡುವವರು ನ್ಯಾಯಾಧೀಶರು.

ಆದರೆ ವರದಿಯನ್ನು ನ್ಯಾಯಾಲಯ ನೋಡಲೇಬಾರದು ಎಂದು ವಾದಿಸಿ ಗೆಲ್ಲುವುದು ಕಷ್ಟ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮು, ವ್ಯಾಜ್ಯ ಬಗೆಹರಿಸಲು ನೆರವಾಗುವ ಯಾವುದೇ ವರದಿಯನ್ನು ಸ್ವೀಕರಿಸುವ ಅಧಿಕಾರ ಕೊಟ್ಟಿದೆ. ಸಮಾಲೋಚನೆಯಲ್ಲಿ ಆಡಿದ್ದು ಗುಟ್ಟಾಗಿರಬೇಕಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮಗುವಿನ ಹಿತ ತೀರ್ಮಾನವಾಗಬೇಕಾದ ಕಡೆ ಇಂಥ ವರದಿಯನ್ನು ಬಳಸಬಹುದೆಂದು 2019ರಲ್ಲಿ ಅದು ಹೇಳಿತು. ಹಾಗಾಗಿ ಪ್ರಶ್ನಿಸಬೇಕಾದದ್ದು ವರದಿಗೆ ಎಷ್ಟು ತೂಕ ಕೊಡಬೇಕು ಎಂಬುದನ್ನು.

‘ಮಗು ತಂದೆಯ ಹತ್ತಿರ ಹೋಗಲು ಹಿಂಜರಿಯಿತು’ ಎಂದು ವರದಿಯಲ್ಲಿದೆ ಎಂದುಕೊಳ್ಳಿ. ‘ಸಮಾಲೋಚಕರು ಪಕ್ಷಪಾತಿ’ ಎಂದು ಕೂಗಾಡಿದರೆ ಏನೂ ಸಿಗದು. ಅವರು ಮಗುವನ್ನು ಎಷ್ಟು ಸಲ ನೋಡಿದರು? ಎಷ್ಟು ಹೊತ್ತು? ಒಂಟಿಯಾಗಿಯೋ, ತಾಯಿ ಪಕ್ಕದಲ್ಲಿದ್ದಾಗಲೋ? ಅದಕ್ಕೆ ಮೊದಲು ಎಷ್ಟು ತಿಂಗಳಿಂದ ಮಗುವಿಗೆ ತಂದೆಯ ಮುಖವೇ ಕಂಡಿರಲಿಲ್ಲ? ಶಾಲೆಯ ಟೀಚರನ್ನು ಕೇಳಿದರೇ? ವರದಿಯ ಪ್ರತಿ ಕೇಳಿ ಪಡೆದು, ಸಾಲು ಸಾಲಾಗಿ ಓದಿ, ಇಂಥವನ್ನು ಲಿಖಿತ ಆಕ್ಷೇಪಣೆಯಲ್ಲಿ ದಾಖಲೆ ಸಮೇತ ಹೇಳಬೇಕು. ಶಾಲೆಯ ಹಾಜರಿ, ವೈದ್ಯರ ಚೀಟಿ, ತಪ್ಪಿಹೋದ ಭೇಟಿಗಳ ದಿನಾಂಕ, ಇವು ಆರೋಪಗಳಿಗಿಂತ ಗಟ್ಟಿಯಾಗಿ ಮಾತಾಡುತ್ತವೆ. ಅದೇ ಕಾಯ್ದೆಯ 12ನೇ ಕಲಮಿನಡಿ ತಜ್ಞರ ನೆರವು ಪಡೆಯಲು ನ್ಯಾಯಾಲಯಕ್ಕೆ ಅವಕಾಶವಿದೆ; ಇನ್ನೊಬ್ಬರ ಅಭಿಪ್ರಾಯ ಬೇಕೆಂದು ಅರ್ಜಿ ಹಾಕಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ದಾರಿ ಇನ್ನೊಂದಿದೆ: ಮಗುವನ್ನು ನೀವೇ ಮಾತಾಡಿಸಿ ಎಂದು ನ್ಯಾಯಾಧೀಶರನ್ನು ಕೋರುವುದು. ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯೇ ಹೇಳುತ್ತದೆ. 2008ರಲ್ಲಿ ತಂದೆಗೂ ತಾಯಿಯ ತವರಿನವರಿಗೂ ನಡೆದ ಒಂದು ವ್ಯಾಜ್ಯದಲ್ಲಿ ಕೆಳಗಿನ ನ್ಯಾಯಾಲಯಗಳು ಹುಡುಗನ ಇಷ್ಟವನ್ನೇ ವಿಚಾರಿಸಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಅವನನ್ನು ತಮ್ಮ ಚೇಂಬರಿಗೆ ಕರೆಸಿ ಮಾತಾಡಿಸಿದರು. ಅಪ್ಪನ ಜೊತೆ ಹೋಗುವುದಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ. ಇಂಥ ಭೇಟಿಯ ಹಿಂದಿನ ರಾತ್ರಿ ದಯವಿಟ್ಟು ಮಗುವಿಗೆ ಪಾಠ ಹೇಳಿಕೊಡಬೇಡಿ. ಕಲಿಸಿಕೊಟ್ಟ ಮಾತು ಗೊತ್ತಾಗಿಬಿಡುತ್ತದೆ, ಮೇಲಾಗಿ ಅದರ ಭಾರ ಹೊರುವುದು ಆ ಎಳೆಯ ಜೀವ.

ಇಷ್ಟಾಗಿಯೂ ತೀರ್ಪು ವಿರುದ್ಧವಾಗಿ ಬಂದರೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮಲ್ಲಿ ಧಾರವಾಡ, ಕಲಬುರಗಿಗಳಲ್ಲೂ ಪೀಠಗಳಿರುವುದರಿಂದ ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ಮಗುವಿನ ಸುಪರ್ದಿಯ ಆದೇಶ ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ಮಗು ಬೆಳೆದು ಅದರ ಅಗತ್ಯಗಳು ಬದಲಾದರೆ, ಇಲ್ಲವೇ ಮನೆಯ ಪರಿಸ್ಥಿತಿ ಬೇರೆಯಾದರೆ, ಆ ಆದೇಶವನ್ನು ಬದಲಿಸಿಕೊಡಿ ಎಂದು ಮತ್ತೆ ನ್ಯಾಯಾಲಯವನ್ನು ಕೇಳಬಹುದು.