ಒಲೆ ಒಂದೋ, ಎರಡೋ?

(ಸಂಘದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ನಾವು ಭಾಷಣಕಾರರಲ್ಲ. ಏಳನೆಯ ತರಗತಿಯ ಪುಸ್ತಕ ಮಡಚಿಟ್ಟು ಮುಂಬಯಿಗೆ ಬಂದು ಕಪ್ಪು ಬಶಿ ತೊಳೆದವರು. ಅಡಿಗೆಯ ಸಂಗತಿ ಮಾತಾಡಲು ಅಷ್ಟು ಯೋಗ್ಯತೆ ಸಾಕೆಂದು ತಿಳಿದಿದ್ದೇವೆ.

ಸಂಘದ ಕೋಣೆಯಲ್ಲಿ ರಜೆಯ ದಿನ ಅಡಿಗೆ ಮಾಡುವ ವಿಷಯದಲ್ಲಿ ಕಳೆದ ತಿಂಗಳು ಜಗಳವಾದದ್ದು ತಮಗೆಲ್ಲ ಗೊತ್ತು. ಬಂಗುಡೆಯ ಪದಾರ್ಥ ಕುದಿಯುವಾಗ ಕೆಲವರು ಎದ್ದು ಹೋದರು. ಒಬ್ಬ ಬ್ಯಾರಿ ಹುಡುಗನ ಪಾತ್ರೆಯನ್ನು ಯಾರೋ ಬಾಗಿಲ ಹೊರಗಿಟ್ಟರು. "ಇದು ನಮ್ಮ ಊರಿನ ಅಡಿಗೆಯಲ್ಲ, ಒಲೆ ಎರಡಾಗಲಿ" ಎಂಬ ಸೂಚನೆ ಈಗ ಸಮಿತಿಯ ಮುಂದಿದೆ. ಮೀನು ತಿನ್ನದವರು ತಿನ್ನುವುದು ಬೇಡ, ಅದಕ್ಕೆ ನಮ್ಮ ತಕರಾರಿಲ್ಲ. 'ನಮ್ಮ ಊರಿನದಲ್ಲ' ಎಂಬ ಮಾತಿಗೆ ಮಾತ್ರ ಇದೆ.

ನಮ್ಮ ಗಸಿಯ ಕೆಂಪು ಎಲ್ಲಿಂದ ಬಂತು? ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ, ಅಮೇರಿಕ ಖಂಡದ ಗಿಡ. ಪೋರ್ತುಗೀಜರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗಿನ ದಾರಿಯಿಂದ ಅದು ನಮ್ಮ ಕರಾವಳಿಗೆ ಇಳಿಯಿತು. ಅದಕ್ಕೆ ಮುಂಚೆ ಖಾರವೆಂದರೆ ಕಾಳುಮೆಣಸು. ಹೊಸಬನಿಗೆ ಹಳಬನ ಹೆಸರನ್ನೇ ಕೊಟ್ಟೆವು. ತುಳುವಿನಲ್ಲಿ ಮೆಣಸಿನಕಾಯಿ 'ಮುಂಚಿ', ಪಾಪ, ಕಾಳುಮೆಣಸು 'ಎಡ್ಡೆ ಮುಂಚಿ', ಅಂದರೆ ಒಳ್ಳೆಮೆಣಸು. ಶ್ರಾದ್ಧದ ಅಡಿಗೆ ಮಾಡಿದ ಭಟ್ಟರನ್ನು ಕೇಳಿರಿ. ಅಂದು ಮೆಣಸಿನಕಾಯಿ ಮುಟ್ಟದೆ ಕಾಳುಮೆಣಸನ್ನೇ ಹಾಕುವ ಮನೆಗಳು ಎಷ್ಟೋ ಇವೆ. ಪಿತೃಗಳಿಗೆ ಹಳೆಯ ಖಾರ, ನಮಗೆ ವರ್ಷವಿಡೀ ಹಡಗಿನ ಖಾರ! ಇನ್ನು ಬಣ್ಣಕ್ಕೆಂದು ಹುಡುಕುವ ಬ್ಯಾಡಗಿ ಮೆಣಸು ಘಟ್ಟದ ಮೇಲಿನ ಹಾವೇರಿ ಸೀಮೆಯದು.

ಗೇರುಬೀಜ, ಅನಾನಸು, ಪಪ್ಪಾಯಿ, ಬಟಾಟೆ ಎಲ್ಲವೂ ಹೀಗೆ ಕಡಲು ದಾಟಿ ಬಂದವು. ಶುದ್ಧ ಶಾಕಾಹಾರಿ ಎಂದು ಬೋರ್ಡು ಹಾಕಿದ ಹೋಟೇಲಿನ ಮಸಾಲೆದೋಸೆಯ ಹೊಟ್ಟೆಯಲ್ಲಿರುವುದು ಇದೇ ಪರದೇಶಿ ಬಟಾಟೆ. ಹೆಸರು ಸಹ ಪೋರ್ತುಗೀಜರದೇ.

ಅಕ್ಕಿ ಉದ್ದಿನ ಹಿಟ್ಟನ್ನು ತೆಗೆದುಕೊಳ್ಳಿರಿ. ರುಬ್ಬಿ ರುಬ್ಬಿ ನಮ್ಮ ಕೈ ಜಡ್ಡುಗಟ್ಟಿದೆ. ಹಲಸಿನೆಲೆಯ ಕೊಟ್ಟೆಗೆ ಹುಯ್ದು ಬೇಯಿಸಿದರೆ ಕೊಂಕಣಿಯವರ ಖೊಟ್ಟೆ, ತುಳುವರ ಗುಂಡ. ಮುಂಡೇವಿನ ಎಲೆಯ ಸುರುಳಿಯಲ್ಲಿ ಮೂಡೆ. ಶೇಂದಿ ಹಾಕಿ ಹುಳಿಬರಿಸಿದರೆ ಕ್ರಿಸ್ತುವರ ಹಬ್ಬದ ಸನ್ನ. ಹೋಟೇಲಿನ ಅಟ್ಟದಲ್ಲಿ ಬೆಂದರೆ ಇಡ್ಲಿ, ಅದಕ್ಕೆ ಬಿಲ್ಲು. ಇದರಲ್ಲಿ ಯಾವುದನ್ನು ಬಾಗಿಲ ಹೊರಗಿಡೋಣ?

ನಮ್ಮ ತಾಯಿ ಮೀನಿನ ಪದಾರ್ಥಕ್ಕೆ ಪುನರ್ಪುಳಿಯ ಸಿಪ್ಪೆ, ಜುಮ್ಮನಕಾಯಿ ಹಾಕುತ್ತಿದ್ದರು. ಜುಮ್ಮನಕಾಯಿ ಹಾಕುವುದನ್ನು ಕಲಿತದ್ದು ಪಕ್ಕದ ಕೊಂಕಣಿ ಮನೆಯಲ್ಲಿ. ಮುಂಬಯಿಗೆ ಬಂದ ಮೊದಲ ವರ್ಷ ನಾವು ಮೂವರು ಹುಡುಗರು ಒಂದು ಹೋಟೇಲಿನಲ್ಲಿ ನಿನ್ನೆಯ ಸಾಂಬಾರು, ತಳ ಹಿಡಿದ ಅನ್ನ ತಿಂದುಕೊಂಡಿದ್ದೆವು. ಒಂದು ಸಂಜೆ ಚಾಳಿನ ಮೆಟ್ಟಿಲು ಹತ್ತುವಾಗ ಆ ಜುಮ್ಮನಕಾಯಿಯ ವಾಸನೆ ಬಂತು. ಮಾಲವಣದ ಒಬ್ಬ ತಾಯಿಯ ಒಲೆಯಿಂದ. ಮೂವರೂ ಬಾಗಿಲಲ್ಲಿ ನಿಂತುಬಿಟ್ಟೆವು, ನಾಚಿಕೆಯೂ ಆಗಲಿಲ್ಲ. ಆಕೆಗೆ ಕನ್ನಡ ಬಾರದು, ನಮಗೆ ಮರಾಠಿ ಬಾರದು. ಅದನ್ನು ಆಕೆ ತಿರಫಳ ಎಂದಳು, ಪುನರ್ಪುಳಿಯನ್ನು ಆಮಸೂಲ್ ಎಂದಳು. ಜಾತಿ ಕೇಳಲಿಲ್ಲ. ಮೂರು ತಟ್ಟೆ ಹಾಕಿದಳು. ಅಂದು 'ಇದು ನಿಮ್ಮ ಊರಿನದಲ್ಲ' ಎಂದು ಆಕೆ ಕದ ಮುಚ್ಚಿದ್ದರೆ ನಾವು ಮರುದಿನವೇ ಊರಿನ ಬಸ್ಸು ಹತ್ತುತ್ತಿದ್ದೆವೋ ಏನೋ.

ಆದುದರಿಂದ ನಮ್ಮ ಸೂಚನೆ ಹೀಗೆ. ಒಲೆ ಒಂದೇ ಇರಲಿ. ತರಕಾರಿಯ ಅಡಿಗೆ ಮೊದಲು ಆಗಲಿ, ಅದರ ಪಾತ್ರೆ ಸೌಟು ಬೇರೆ ಇರಲಿ, ಮೀನು ಆಮೇಲೆ ಕುದಿಯಲಿ. ತೆಂಗಿನಕಾಯಿ ತುರಿಯುವುದು, ಪಾತ್ರೆ ತಿಕ್ಕುವುದು ಸರದಿಯಂತೆ ಎಲ್ಲರಿಗೂ.

ಆ ಹುಡುಗನ ಪಾತ್ರೆ ಈಗ ಒಳಗೆ ಬಂದಿದೆ, ಹುಡುಗ ಬಂದಿಲ್ಲ. ನಾಳೆ ಅಂಗಡಿ ಮುಚ್ಚಿದ ಮೇಲೆ ನಾವು ಅವನ ಕೋಣೆಗೆ ಹೋಗುತ್ತೇವೆ. ಪಾತ್ರೆ ಹೊರಗಿಟ್ಟವರು ಯಾರೆಂದು ಕೇಳುವುದಿಲ್ಲ. ಅವರೂ ಜೊತೆಗೆ ಬಂದರೆ ಸಂತೋಷ.